ನಮ್ಮ ಕಾರಿನ ಚಾರ್ಜಿಂಗ್ ಪುಸ್ತಕ

ಪೂರ್ತಿ ಕೆಟ್ಟುಹೋದ ವಸ್ತುವನ್ನು ರಿಪೇರಿ ಮಾಡಿಸುವುದು ಸುಲಭ. ಒಂದು ದಿನ ಸರಿಯಾಗಿದ್ದು ಮರುದಿನ ಕೈಕೊಡುತ್ತದಲ್ಲ, ಅದು ಮನೆಯವರನ್ನೆಲ್ಲ ಸುಸ್ತು ಮಾಡುತ್ತದೆ. ಮೆಕ್ಯಾನಿಕ್ ಮುಂದೆ ಮಾತ್ರ ಅದು ಯಾವಾಗಲೂ ಸರಿಯಾಗಿಯೇ ಇರುತ್ತದೆ. ನಮ್ಮ ಮನೆಯ ಹಳೆ ಎಲೆಕ್ಟ್ರಿಕ್ ಕಾರು ಹೋದ ಬೇಸಿಗೆಯಲ್ಲಿ ಎರಡು ತಿಂಗಳು ಹೀಗೇ ಆಡಿತು.

ಎಲೆಕ್ಟ್ರಿಕ್ ಕಾರು ನಿನ್ನೆ ಮೊನ್ನೆ ಬಂದದ್ದು ಎಂದು ನನ್ನ ಕ್ಲಾಸಿನಲ್ಲಿ ಹಲವರು ತಿಳಿದಿದ್ದಾರೆ. ಬೆಂಗಳೂರಿನಲ್ಲಿ ತಯಾರಾದ ರೇವಾ 2001ರಲ್ಲೇ ರಸ್ತೆಗೆ ಬಂದಿತ್ತು, ನಾವು ಹುಟ್ಟುವುದಕ್ಕೂ ಮೊದಲು! ಅದರಲ್ಲಿ ಎಂಟು ಲೆಡ್ ಆಸಿಡ್ ಬ್ಯಾಟರಿಗಳಿದ್ದವು, ಒಟ್ಟು 48 ವೋಲ್ಟ್. ಅದೇ ಕಾರು ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. ನಮ್ಮದು ಅದಲ್ಲ, ಈಚಿನದು, ಲಿಥಿಯಂ ಬ್ಯಾಟರಿಯದು. ಆದರೂ ಅಬ್ಬಾ ಸೆಕೆಂಡ್ ಹ್ಯಾಂಡ್ ತಂದಾಗಲೇ ಅದಕ್ಕೆ ಎಂಟು ವರ್ಷ ಆಗಿತ್ತು. ಪೂರ್ತಿ ಚಾರ್ಜ್ ಆದರೆ 60 ಕಿಲೋಮೀಟರ್ ಹೋಗುತ್ತದೆ.

ನಮಗೆ ಅಷ್ಟು ಸಾಕು. ದಾದಿಗೆ ಮಂಗಳವಾರ ಮತ್ತು ಶುಕ್ರವಾರ ಡಯಾಲಿಸಿಸ್. ಆಸ್ಪತ್ರೆ 18 ಕಿಲೋಮೀಟರ್ ದೂರ, ಬೆಳಿಗ್ಗೆ ಏಳು ಗಂಟೆಗೆ ಅಲ್ಲಿರಬೇಕು. ಆಟೋದವರು ಕಾದಿದ್ದು ವಾಪಸ್ ಕರೆತರಲು 700 ರೂಪಾಯಿ ಕೇಳುತ್ತಾರೆ. ಕಾರಿಗೆ ಹೋಗಿಬರಲು ಆರು ಯೂನಿಟ್ ಕರೆಂಟ್ ಬೇಕು. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ 36 ರೂಪಾಯಿ. ಈ ಲೆಕ್ಕದ ಮೇಲೆಯೇ ಕಾರು ನಮ್ಮ ಮನೆಗೆ ಬಂದದ್ದು.

ಮಾರ್ಚ್‌ನಲ್ಲಿ ಶುರುವಾಯಿತು. ರಾತ್ರಿ ಪ್ಲಗ್ ಹಾಕಿ ಮಲಗಿದರೆ ಬೆಳಿಗ್ಗೆ ಕೆಲವು ಸಲ ನೂರಕ್ಕೆ ನೂರು, ಕೆಲವು ಸಲ ರಾತ್ರಿ ಇದ್ದಷ್ಟೇ. ಚಾರ್ಜರಿನ ಕೆಂಪು ದೀಪ ಮಿಣುಕುತ್ತಿರುತ್ತಿತ್ತು. ದಾದಿ ಬುರ್ಖಾ ಹಾಕಿಕೊಂಡು ಬಾಗಿಲಲ್ಲಿ ನಿಂತು, "ಆಜ್ ಭೀ ರೂಠ್ ಗಯಿ ಕ್ಯಾ ಗಾಡಿ?" ಎಂದು ಕೇಳುತ್ತಿದ್ದರು. ಇವತ್ತೂ ಮುನಿಸಿಕೊಂಡಿತಾ ಅಂತ. ಅವರು ನಗುತ್ತಲೇ ಕೇಳುತ್ತಿದ್ದರು. ಅಬ್ಬಾ ನಗುತ್ತಿರಲಿಲ್ಲ, ಆಟೋ ಹುಡುಕಲು ಓಡುತ್ತಿದ್ದರು.

ರಿಪೇರಿ ಶಾಪಿನವರು ಕಾರನ್ನು ಒಂದು ರಾತ್ರಿ ಇಟ್ಟುಕೊಂಡರು. ಅಲ್ಲಿ ಚೆನ್ನಾಗಿ ಚಾರ್ಜ್ ಆಯಿತು. ಆದರೂ, "ಬ್ಯಾಟರಿ ಹಳತಾಗಿದೆ, ಬದಲಾಯಿಸಿಬಿಡಿ, 1,80,000 ಆಗುತ್ತೆ" ಎಂದರು. ಬಡ್ಡಿ ಸಾಲದ ಮಾತನ್ನು ಅಬ್ಬಾ ಎತ್ತುವುದೇ ಇಲ್ಲ. ಮಾಮು ಹತ್ತಿರ ಕೈಗಡ ಕೇಳುವುದೋ, ಅಮ್ಮಿಯ ಬಳೆ ಮಾರುವುದೋ ಎಂದು ರಾತ್ರಿ ಮಾತುಕತೆ ನಡೆಯುತ್ತಿತ್ತು.

ನನಗೆ ಒಂದು ವಿಷಯ ಒಪ್ಪಿಗೆಯಾಗಲಿಲ್ಲ. ಬ್ಯಾಟರಿ ಕೆಟ್ಟಿದ್ದರೆ ಶಾಪಿನಲ್ಲೂ ಕೆಟ್ಟಿರಬೇಕಲ್ಲ? ಮೊದಲ ಪಿಯುಸಿಯಲ್ಲಿ ನಾವು ಬ್ಯಾಂಕ್ ರಿಕನ್ಸಿಲಿಯೇಷನ್ ಓದಿದ್ದೇವೆ. ಕ್ಯಾಶ್ ಬುಕ್ ಒಂದು ಬ್ಯಾಲೆನ್ಸ್ ಹೇಳುತ್ತದೆ, ಪಾಸ್ ಬುಕ್ ಇನ್ನೊಂದು. ಕೂಡಲೇ ಯಾರನ್ನೂ ಕಳ್ಳ ಎನ್ನುವುದಿಲ್ಲ, ಒಂದೊಂದೇ ಎಂಟ್ರಿಗೆ ಟಿಕ್ ಹಾಕುತ್ತಾ ಹೋಗುತ್ತೇವೆ. ಉಳಿದಿದ್ದ ಒಂದು ಲಾಂಗ್ ಬುಕ್ಕಿನಲ್ಲಿ ಗೆರೆ ಎಳೆದೆ: ದಿನಾಂಕ, ಪ್ಲಗ್ ಹಾಕಿದ ಸಮಯ, ರಾತ್ರಿಯ ಶೇಕಡಾ, ಬೆಳಗಿನ ಶೇಕಡಾ, ಕೊನೆಗೆ ಷರಾ. ಷರಾ ಕಾಲಂನಲ್ಲಿ ಆ ದಿನ ಮನೆಯಲ್ಲಿ ನಡೆದದ್ದೆಲ್ಲ ಬರೆಯುತ್ತಿದ್ದೆ. ನೆಂಟರು ಬಂದರು, ಕರೆಂಟ್ ಹೋಯಿತು, ಮಿಕ್ಸಿ ಸುಟ್ಟಿತು, ಎಲ್ಲಾ. ಭಾಯಿ ಓದಿ ಗೇಲಿ ಮಾಡಿದ.

ಪಕ್ಕದಲ್ಲೇ ಬೇರೆ ಪರೀಕ್ಷೆಗಳೂ ನಡೆದವು. ಎಲೆಕ್ಟ್ರಿಕ್ ಕಾರಿನಲ್ಲೂ ದೊಡ್ಡ ಬ್ಯಾಟರಿಯ ಜೊತೆಗೆ 12 ವೋಲ್ಟಿನ ಚಿಕ್ಕ ಬ್ಯಾಟರಿ ಒಂದಿರುತ್ತದೆ. ಅದು ದುರ್ಬಲವಾದರೆ ಕಾರಿನ ಕಂಪ್ಯೂಟರ್ ಸರಿಯಾಗಿ ಎಚ್ಚರಗೊಳ್ಳುವುದಿಲ್ಲ, ಚಾರ್ಜಿಂಗ್ ಶುರುವಾಗುವುದಿಲ್ಲ. ಅಳೆಸಿದೆವು, 12.5 ಇತ್ತು, ಚೆನ್ನಾಗಿತ್ತು. ಆಮೇಲೆ ಸಾಕೆಟ್. ಅದರ ಒಂದು ತೂತಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಗೀಸರ್ ಹದಿನೈದು ನಿಮಿಷ ಓಡಿ ನಿಲ್ಲುತ್ತದೆ. ಕಾರು ಹೆಚ್ಚುಕಡಿಮೆ ಅಷ್ಟೇ ಕರೆಂಟನ್ನು ಐದಾರು ಗಂಟೆ ಒಂದೇ ಸಮ ಎಳೆಯುತ್ತದೆ. ಒಳಗೆ ಹಿಡಿತ ಸ್ವಲ್ಪ ಸಡಿಲವಾಗಿದ್ದರೂ ಅಲ್ಲಿ ಬಿಸಿಯಾಗುತ್ತದೆ. ಹೊಸ 16 ಆಂಪಿಯರ್ ಸಾಕೆಟ್ ಹಾಕಿಸಿದೆವು. ಎರಡು ರಾತ್ರಿ ಸರಿಯಾಯಿತು, ಅಬ್ಬಾ ಜಿಲೇಬಿ ತಂದರು. ಮೂರನೆಯ ರಾತ್ರಿ ಮತ್ತೆ ಕೆಂಪು ದೀಪ.

ಏಪ್ರಿಲ್ ಕೊನೆಗೆ ಪುಸ್ತಕದಲ್ಲಿ ಒಂದು ವಿಚಿತ್ರ ಕಾಣಿಸಿತು. ಕೊನೆಯ ಹನ್ನೆರಡು ರಾತ್ರಿಗಳಲ್ಲಿ ಚಾರ್ಜ್ ಆದದ್ದು ಮೂರೇ ರಾತ್ರಿ. ಅದರಲ್ಲಿ ಎರಡು ದಿನ ಷರಾದಲ್ಲಿ 'ಸಂಜೆ ಮಳೆ' ಎಂದಿತ್ತು. ಮಳೆ ಬಂದರೆ ಕರೆಂಟಿನ ಸಾಮಾನು ಕೆಡಬೇಕು, ಇದು ಉಲ್ಟಾ. ಮೂರನೆಯ ದಿನ ಮಳೆ ಇರಲಿಲ್ಲ. ಆ ಸಾಲಿನಲ್ಲಿ ಬರೆದಿದ್ದು: 'ಅಮ್ಮಿ ಜಮಖಾನ ಒಗೆದರು, ಹಿತ್ತಲೆಲ್ಲ ನೀರು.'

ನಾನು ಕಾಮರ್ಸ್, ಮುಂದಿನದು ನನ್ನ ಸಿಲಬಸ್ಸಿನಲ್ಲಿಲ್ಲ. ಪುಸ್ತಕ ಹಿಡಿದು ನಮ್ಮ ಕಾಲೇಜಿನ ಫಿಸಿಕ್ಸ್ ಮೇಡಂ ಹತ್ತಿರ ಹೋದೆ. ಅವರು ಆ ಪುಟ ಓದಿ ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ಮನೆಯ ಅರ್ಥಿಂಗ್ ಗುಂಡಿ ಎಲ್ಲಿದೆ?"

ಹಿತ್ತಲಲ್ಲಿ, ಹಳೆಯ ವುಜೂ ನಲ್ಲಿಯ ಪಕ್ಕದಲ್ಲೇ ಇತ್ತು. ಎಷ್ಟೋ ವರ್ಷ ದಿನಕ್ಕೆ ಐದು ಹೊತ್ತು ಮನೆಯವರ ವುಜೂ ನೀರು ಅಲ್ಲೇ ಇಂಗುತ್ತಿತ್ತು. ಫೆಬ್ರವರಿಯಲ್ಲಿ ಬೋರ್‌ವೆಲ್ ನೀರು ಕಡಿಮೆಯಾದಾಗ ಆ ನಲ್ಲಿ ಬಂದ್ ಮಾಡಿ, ವುಜೂ ಒಳಗಿನ ಬಾತ್‌ರೂಮಿಗೆ ಬಂತು. ಗುಂಡಿ ಒಣಗಿತು. ಒಣ ಮಣ್ಣಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ನಮ್ಮ ಫ್ಯಾನು, ಲೈಟು, ಟಿವಿಗೆ ಅದು ಗೊತ್ತೇ ಆಗಲಿಲ್ಲ, ಅವು ಅರ್ಥಿಂಗ್ ಇದೆಯೋ ಇಲ್ಲವೋ ಎಂದು ನೋಡುವುದಿಲ್ಲ. ನಮ್ಮ ಕಾರಿನ ಚಾರ್ಜರ್ ನೋಡುತ್ತದೆ. ಅರ್ಥಿಂಗ್ ಸಿಗದಿದ್ದರೆ ಚಾರ್ಜ್ ಮಾಡಲು ಒಪ್ಪುವುದಿಲ್ಲ. ಒಳಗೆ ಎಲ್ಲಾದರೂ ಕರೆಂಟ್ ಸೋರಿ ಕಾರಿನ ಮೈಗೆ ಬಂದರೆ ಅದು ನೆಲಕ್ಕೆ ಇಳಿಯಲು ದಾರಿ ಇರಬೇಕು. ಇಲ್ಲದಿದ್ದರೆ ಮುಟ್ಟಿದವರೇ ದಾರಿ. ಎರಡು ತಿಂಗಳು ನಾವು ಬೈಯುತ್ತಿದ್ದ ಕೆಂಪು ದೀಪ ಇದನ್ನೇ ಹೇಳುತ್ತಿತ್ತು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮೊದಲು ಬಂದ ಎಲೆಕ್ಟ್ರಿಷಿಯನ್, "ಏನಿಲ್ಲ ಭಾಯ್, ಸಾಕೆಟ್ ಒಳಗೆ ನ್ಯೂಟ್ರಲ್‌ಗೂ ಅರ್ಥ್‌ಗೂ ಒಂದು ವೈರ್ ಜಂಪ್ ಕೊಟ್ರೆ ಮುಗೀತು, ನೂರು ರೂಪಾಯಿ ಕೊಡಿ" ಎಂದ. ಹಾಗೆ ಮಾಡಿದರೆ ಕಾರು ನಿಜವಾಗಿಯೂ ಚಾರ್ಜ್ ಆಗುತ್ತದೆ, ಚಾರ್ಜರಿಗೆ ಮೋಸವಾಗುತ್ತದೆ. ಆದರೆ ನ್ಯೂಟ್ರಲ್ ತಂತಿ ಹಿಂದೆ ಎಲ್ಲಾದರೂ ಕಡಿದರೆ ಕಾರಿನ ಮೈಗೆಲ್ಲ 230 ವೋಲ್ಟ್. ಮೇಡಂ ಇದನ್ನು ನನಗೆ ಮೊದಲೇ ಹೇಳಿ ಕಳಿಸಿದ್ದರು, ನಾನು ಅಬ್ಬಾಗೆ ಹೇಳಿದ್ದೆ. ದಾದಿ ಕಾರು ಹತ್ತುವಾಗ ಬರಿಗಾಲಲ್ಲಿ ನಿಂತು, ಬಾಗಿಲು ಹಿಡಿದುಕೊಂಡು, ಬಿಸ್ಮಿಲ್ಲಾ ಹೇಳಿ, ಆಮೇಲೆ ಚಪ್ಪಲಿ ಒಳಗಿಡುತ್ತಾರೆ. ಅಬ್ಬಾ ಅವನಿಗೆ ಚಹಾ ಕೊಟ್ಟು ಕಳಿಸಿದರು. ಈ ಜಂಪ್ ಹಾಕಿದ ಸಾಕೆಟ್ ನಿಮ್ಮ ಮನೆಯಲ್ಲೂ ಇರಬಹುದು, ಒಮ್ಮೆ ವಿಚಾರಿಸಿ. ನೀವೇ ಬಿಚ್ಚಿ ನೋಡಬೇಡಿ.

ಎರಡನೆಯವರು ವಯಸ್ಸಾದವರು. ಬಲ್ಬ್ ಹೋಲ್ಡರಿಗೆ ಎರಡು ವೈರ್ ಕಟ್ಟಿದ ಟೆಸ್ಟ್ ಲ್ಯಾಂಪ್ ತಂದಿದ್ದರು. ಫೇಸಿಗೂ ನ್ಯೂಟ್ರಲಿಗೂ ಇಟ್ಟಾಗ ಬಲ್ಬ್ ಪ್ರಕಾಶವಾಗಿ ಉರಿಯಿತು. ಫೇಸಿಗೂ ಅರ್ಥಿಗೂ ಇಟ್ಟಾಗ ಒಳಗಿನ ತಂತಿ ಬರೀ ಕೆಂಪಗಾಯಿತು, ಬೀಡಿ ತುದಿಯ ಹಾಗೆ. ಗುಂಡಿ ಅಗೆದರೆ ಪೈಪಿಗೆ ತಂತಿ ಹಿಡಿದಿದ್ದ ಕ್ಲ್ಯಾಂಪ್ ತುಕ್ಕು ಹಿಡಿದು ಕೈಯಲ್ಲೇ ಪುಡಿಯಾಯಿತು. ಹೊಸ ಪೈಪು, ಕ್ಲ್ಯಾಂಪ್, ತಂತಿ, ಸುತ್ತಲೂ ಇದ್ದಿಲು ಮತ್ತು ಉಪ್ಪು, ಮೇಲೆ ನೀರು ಹಾಕಲು ಒಂದು ಬಾಯಿ. ಕೂಲಿ ಸೇರಿ 3,400 ರೂಪಾಯಿ.

ಅಂದಿನಿಂದ ಪುಸ್ತಕದಲ್ಲಿ ಒಂದೂ ಕೆಂಪು ಗೆರೆ ಬಿದ್ದಿಲ್ಲ. ಬ್ಯಾಟರಿ ಹಳತಾಗಿರುವುದು ನಿಜವೇ, 60 ಕಿಲೋಮೀಟರ್ ಇದ್ದದ್ದು ಈಗ 55ಕ್ಕೆ ಬಂದಿದೆ. ಅದಕ್ಕೂ ಒಂದು ಕಾಲಂ ಹಾಕಿದ್ದೇನೆ. ಆಸ್ಪತ್ರೆಗೆ ಹೋಗಿಬರುವ 36ಕ್ಕೆ ಅದು ಇಳಿಯುವಷ್ಟರಲ್ಲಿ ಹಣ ಕೂಡಿಸಬೇಕು ಎಂದು ಅಬ್ಬಾ ತಿಂಗಳಿಗೆ 2,000 ತೆಗೆದಿಡುತ್ತಿದ್ದಾರೆ. ಶುಕ್ರವಾರ ಜುಮಾಗೆ ಮುಂಚೆ ಗುಂಡಿಗೆ ಎರಡು ಬಕೆಟ್ ನೀರು ಹಾಕುವುದು ಭಾಯಿಯ ಕೆಲಸ. ಹಾಕಿದ ಮೇಲೆ ಷರಾದಲ್ಲಿ ಸಹಿ ಮಾಡಬೇಕು, ಇಲ್ಲದಿದ್ದರೆ ದಾದಿ ಕಾರು ಹತ್ತುವುದಿಲ್ಲವಂತೆ.