ಹಿಟ್ಟಿನ ಡಬ್ಬಿ ಹಿಂದ ಇದ್ದದ್ದು

ಈ ಸಲ ಪಂಚಮಿಗಿ ತವರಮನಿ ಐನಾಪುರಕ್ಕ ಹೋಗಿದ್ದೆ. ರೊಟ್ಟಿ ಮಾಡಲಾಕ ಜ್ವಾಳದ ಹಿಟ್ಟಿನ ಡಬ್ಬಿ ಎಳದ್ರ, ಹಿಂದ ಒಂದು ಹಸರು ಡಬ್ಬಿ ಸಿಕ್ತು. ಮ್ಯಾಲ ದೊಡ್ಡ ಅಕ್ಷರದಾಗ ‘ಬೊಜ್ಜು ಮಾಯ! ತಿಂಗಳಿಗೆ 10 ಕಿಲೋ ಕಮ್ಮಿ, ಶುದ್ಧ ಗಿಡಮೂಲಿಕೆ’ ಅಂತಿತ್ತು. ವೈನಿ ಬಂದವರೇ ಕಸ್ಕೊಂಡ್ರು. “ನಿಮ್ಮಣ್ಣಗ ಹೇಳಬ್ಯಾಡವಾ” ಅಂದ್ರು.

ಎರಡು ವಾರದಿಂದ ಅವರಿಗಿ ನಿದ್ದಿ ಇಲ್ಲ, ಬಾಯಿ ಒಣಗೋದು, ಕುಂತಲ್ಲೇ ಎದಿ ಡವಡವ ಅನ್ನೋದು. ಸಂತ್ಯಾಗ ಒಬ್ಬಾಕಿ ಕೊಟ್ಟಿದ್ದಂತ. ಯಾಕ ತಗೊಂಡ್ರಿ ಅಂತ ಕೇಳಿದೆ. ಹೋದ ವರ್ಷ ಲಗ್ನದಾಗ ಟಮ್‌ಟಮ್ ಹತ್ತುವಾಗ “ವೈನಿಗಿ ಎರಡು ಸೀಟು ಬಿಡ್ರಿ” ಅಂತ ಎಲ್ಲಾರ ಮುಂದ ನಕ್ಕಾಕಿ ನಾನೇ. ಅವರು ಮರ್ತಿರಲಿಲ್ಲ.

ಡಬ್ಬಿ ಸಮೇತ ಚಿಂಚೋಳಿ ದವಾಖಾನಿಗಿ ಹೋದೆವು. ಡಾಕ್ಟರು ಡಬ್ಬಿ ತಿರುವಿ ನೋಡಿದ್ರು. ಲೈಸೆನ್ಸ್ ನಂಬರ ಇಲ್ಲ, ಬ್ಯಾಚ್ ನಂಬರ ಇಲ್ಲ, ಮಾಡಿದವರ ವಿಳಾಸ ಇಲ್ಲ. ಆಯುರ್ವೇದ ಔಷಧಿ ಆದ್ರೂ ಇವು ಇರಲೇಬೇಕು. “ಪರೀಕ್ಷೆ ಆಗದೆ ಇದರಾಗ ಏನದ ಹೇಳಲಾರೆ. ಇವತ್ತೇ ನಿಲ್ಲಸ್ರಿ” ಅಂದ್ರು.

ಮನಿಗಿ ಬಂದು ಓದಿ ತಿಳ್ಕೊಂಡೆ. ಸಿಬುಟ್ರಮಿನ್ ಅಂತ ಹಸಿವಿ ಕಮ್ಮಿ ಮಾಡೋ ಗುಳಗಿ ಮೊದಲ ಸಿಗತಿತ್ತು. ಹೃದಯಾಘಾತ, ಲಕ್ವಾದ ಅಪಾಯ ಅದ ಅಂತ 2010ರಾಗ ಯುರೋಪ್, ಅಮೆರಿಕದಾಗ ನಿಂತಿತು. 2011ರ ಫೆಬ್ರವರಿ 10ಕ್ಕ ನಮ್ಮ ಕೇಂದ್ರ ಸರಕಾರನೂ ನಿಷೇಧ ಮಾಡ್ತು. ಆಮ್ಯಾಲೂ ‘ಗಿಡಮೂಲಿಕೆ’ ಅಂತ ಚೀಟಿ ಹಚ್ಚಿದ ಸರಕಿನಾಗ ಅದನ್ನ ಕದ್ದು ಬೆರಸಿದ್ದು ಅಮೆರಿಕದ ಎಫ್‌ಡಿಎ ಪರೀಕ್ಷೆಯೊಳಗ ಭಾಳ ಸಲ ಸಿಕ್ಕದ.

ಇನ್ನೊಂದು ಮಾತು ನನಗ ಗೊತ್ತೇ ಇರಲಿಲ್ಲ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಬಗ್ಗೆ 1954ರಾಗ ಆದ ಕಾಯ್ದೆಯ ಪಟ್ಟ್ಯಾಗ ಬೊಜ್ಜೂ ಅದ. ಬೊಜ್ಜು ವಾಸಿ ಮಾಡತೀವಿ ಅಂತ ಔಷಧಿಗಿ ಜಾಹೀರಾತು ಕೊಡೋದೇ ಅಪರಾಧ. ಡಬ್ಬಿಗಿ ಹಚ್ಚಿದ ಚೀಟೀನೂ ಜಾಹೀರಾತೇ. ಮೊದಲ ಸಲಕ್ಕ 6 ತಿಂಗಳ ತನಕ ಜೈಲು, ಇಲ್ಲಾ ದಂಡ, ಇಲ್ಲಾ ಎರಡೂ. ಅಂದ್ರ ನಮ್ಮ ವೈನಿ ನಂಬಿದ್ದ ಆ ದೊಡ್ಡ ಅಕ್ಷರಗಳೇ ತಪ್ಪಿನವು.

ಔಷಧ ನಿಯಂತ್ರಣ ಇಲಾಖೆಗಿ ಅರ್ಜಿ ಬರದೆವು. ತಯಾರಿಸಿದವರ ಹೆಸರು ಬರಿಯೋ ಕಡೆ ಖಾಲಿ ಬಿಟ್ಟೆವು. ಸಂತ್ಯಾಗ ಆಕಿ ಮತ್ತ ಕಾಣಲಿಲ್ಲ. ಅದಕ್ಕ ತಗೊಳ್ಳೋ ಮೊದಲೇ ಡಬ್ಬಿ ತಿರುವಿ ನೋಡ್ರಿ.

ವೈನಿ ಎದಿ ಬಡಿತ ವಾರದಾಗ ತಣ್ಣಗಾಯ್ತು. ನಾ ಹೊಂಡೋ ದಿನ ಪಂಚಮಿ ಉಂಡಿ ಎಲ್ಲಾರಿಗಿ ಕೊಟ್ಟು ತಾವು ಸುಮ್ಮ ಕುಂತಿದ್ರು. ನಾನೇ ಒಂದು ಅವರ ಕೈಯಾಗ ಇಟ್ಟು, “ಅವತ್ತು ನನ್ನದು ತಪ್ಪಾಯ್ತು ವೈನಿ” ಅಂದೆ. ಅರ್ಧ ಮುರದು ನನಗ ಕೊಟ್ರು, ಅರ್ಧ ತಾವು ತಿಂದ್ರು.