ಪಾಳಿ ಒಪ್ಪಿಸುವ ಮಾತು

ತೀವ್ರ ನಿಗಾ ಘಟಕದಲ್ಲಿ ದಾದಿಯರ ಪಾಳಿ ಬದಲಾಗುವ ಹೊತ್ತು ಬಹು ಸೂಕ್ಷ್ಮವಾದುದು. ಹೋಗುವವಳು ಹೇಳದೆ ಬಿಟ್ಟುದನ್ನು ಬಂದವಳು ಎಲ್ಲಿಂದ ಅರಿತಾಳು? ಗಂಟಲಿನಲ್ಲಿ ಉಸಿರಿನ ನಳಿಗೆಯಿರುವ ರೋಗಿಯಾದರೋ ತಾನಾಗಿ ಹೇಳಲಾರನು.

ಅಮೆರಿಕದ ನೌಕಾಪಡೆಯ ಪರಮಾಣು ಜಲಾಂತರ್ಗಾಮಿಗಳಲ್ಲಿದ್ದ ಒಂದು ಕ್ರಮವನ್ನು 2000ದ ದಶಕದ ಆರಂಭದಲ್ಲಿ ಕೊಲರಾಡೋದ ಕೈಸರ್ ಪರ್ಮನೆಂಟೆ ಸಂಸ್ಥೆಯವರು ವೈದ್ಯಕೀಯಕ್ಕೆ ಅಳವಡಿಸಿದರು. 'ಎಸ್‌ಬಾರ್' ಎಂದು ಅದರ ಹೆಸರು. ಈಗಿನ ಸ್ಥಿತಿ, ಹಿಂದಿನ ವೃತ್ತಾಂತ, ತನ್ನ ಅಭಿಪ್ರಾಯ, ಮುಂದೆ ಮಾಡತಕ್ಕುದು, ಇವನ್ನು ಇದೇ ಅನುಕ್ರಮದಲ್ಲಿ ಹೇಳಬೇಕು. ಮೂರನೆಯದು ನಮಗೆ ವಿಶೇಷವಾಗಿ ಮೆಚ್ಚಿಕೆಯಾಯಿತು. ಅಂಕೆಗಳನ್ನು ಒಪ್ಪಿಸಿದರೆ ಸಾಲದು. 'ಇದೇಕೋ ಸರಿಕಾಣದು' ಎನ್ನಲು ಎಳೆಯ ದಾದಿಗೂ ಅಲ್ಲಿ ಎಡೆಯುಂಟು.

ಕಳೆದ ವರ್ಷ ನಮ್ಮ ಅಕ್ಕನವರು ನಗರದ ಆಸ್ಪತ್ರೆಯೊಂದರಲ್ಲಿದ್ದಾಗ ಈ ಕ್ರಮವನ್ನು ಕಣ್ಣಾರೆ ಕಂಡೆವು. ಎರಡು ಗಂಟೆಗಳಿಂದ ಮೂತ್ರ ಇಳಿದಿಲ್ಲವೆಂದೂ, ಬೆಳಗಿನವರೆಗೆ ಕಾಯದೆ ವೈದ್ಯರಿಗೆ ತಿಳಿಸಬೇಕೆಂದೂ ಹೋಗುವ ಹುಡುಗಿ ಹೇಳಿದಳು. ಬಂದವಳು ಅಷ್ಟನ್ನೂ ತಿರುಗಿ ಹೇಳಿದಳು. (ನಮ್ಮ ವೇದಪಾಠದ ಸಂಥೆಯೇ ಸರಿ!) ಬಳಿಕ ಇಬ್ಬರೂ ಕೂಡಿ ಔಷಧದ ಪಂಪು, ಕೊಳವೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತ ಬಂದರು. ನಾವು ಉಸಿರು ಬಿಗಿಹಿಡಿದು ನಿಂತಿದ್ದೆವು. ಮೂತ್ರದ ಕೊಳವೆ ತೊಡೆಯ ಕೆಳಗೆ ಮಡಿಸಿಕೊಂಡಿದ್ದಿತು. ಅದನ್ನು ಬಿಡಿಸಿದೊಡನೆ ಚೀಲಕ್ಕೆ ನೀರು ಇಳಿಯತೊಡಗಿತು. ಆದರೂ ಬಂದವಳು ವೈದ್ಯರಿಗೆ ತಿಳಿಸಿಯೇ ಕುಳಿತಳು.