ಎಡಗಿವಿ ಕೈಕೊಟ್ಟ ಮೇಲೆ

ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಏನನ್ನೂ ಹಿಡಿಯದೆ ನಿಂತು ಟಿಕೆಟ್ ಕೊಡುವುದನ್ನು ಕಂಡಕ್ಟರ್‌ಗೆ ಯಾರೂ ಹೇಳಿಕೊಡುವುದಿಲ್ಲ. ಒಂದು ಕೈಯಲ್ಲಿ ಮಷಿನ್ನು, ಇನ್ನೊಂದರಲ್ಲಿ ನೋಟು ಚಿಲ್ಲರೆ, ಸೊಂಟ ಸೀಟಿನ ಅಂಚಿಗೆ. ಚಿಕ್ಕಮಗಳೂರಿನಿಂದ ಧರ್ಮಸ್ಥಳಕ್ಕೆ ಹೋಗುವ ಗಾಡಿಯಲ್ಲಿ ವರ್ಷಗಟ್ಟಲೆ ಹೀಗೆ ನಿಂತವಳು ನಾನು. ಅಂಥವಳಿಗೆ ಮನೆಯ ನೆಲದ ಮೇಲೆ ನಿಲ್ಲಲಾಗದ ದಿನ ಬಂತು.

ಹಿಂದಿನ ವಾರ ನೆಗಡಿ, ಜ್ವರ ಬಂದು ಹೋಗಿತ್ತು. ಆ ಬೆಳಿಗ್ಗೆ ಕಣ್ಣು ಬಿಟ್ಟರೆ ಸೂರು, ಬೀರು, ಫ್ಯಾನು ಎಲ್ಲವೂ ಒಂದೇ ದಿಕ್ಕಿಗೆ ಓಡುತ್ತಿದ್ದವು. ಕಣ್ಣು ಮುಚ್ಚಿದರೆ ನಾನೇ ತಿರುಗುತ್ತಿದ್ದೆ. ಎದ್ದರೆ ಎಡಕ್ಕೆ ವಾಲಿ ಬೀಳುತ್ತಿದ್ದೆ. ಬಚ್ಚಲಿಗೆ ತೆವಳಿಕೊಂಡೇ ಹೋದೆ. ಅತ್ತೆ ‘ಪಿತ್ತ ಕೆದರಿದೆ’ ಎಂದು ಜೀರಿಗೆ ಕಷಾಯ ಮಾಡಿಕೊಟ್ಟರು, ಅದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು, ತಲೆಯ ಸ್ಕ್ಯಾನ್ ಮಾಡಿಸಿದರು. ಏನೂ ಇಲ್ಲ ಎಂದು ಬಂತು. ಮೂರ್ನಾಲ್ಕು ದಿನದಲ್ಲಿ ಗರಗರ ಸುತ್ತುವುದು ನಿಂತಿತು. ನಿಜವಾದ ಕಷ್ಟ ಶುರುವಾದದ್ದು ಅಲ್ಲಿಂದಾಚೆಗೆ. ನಡೆಯುವಾಗ ಅಂಗಡಿಗಳ ಬೋರ್ಡಿನ ಅಕ್ಷರ ಕುಣಿಯುತ್ತಿದ್ದವು. ತಲೆ ತಿರುಗಿಸಿದರೆ ಕಣ್ಣಿಗೆ ಕಂಡದ್ದು ಒಂದು ಗಳಿಗೆ ತಡವಾಗಿ ಬಂದು ನಿಲ್ಲುತ್ತಿತ್ತು. ಸಂತೆಗೆ ಹೋದರೆ ಎದುರಿಗೆ ಬರುವ ಜನ, ಸಾಲಾಗಿ ಸುರಿದ ತರಕಾರಿ ನೋಡಿಯೇ ಹೊಟ್ಟೆ ತೊಳಸುತ್ತಿತ್ತು. ಇನ್ನೊಬ್ಬ ವೈದ್ಯರು ಕತ್ತಿನ ಎಕ್ಸ್‌ರೇ ನೋಡಿ, ಮೂಳೆ ಸವೆದಿದೆ, ತಲೆ ಅಲ್ಲಾಡಿಸಬೇಡಿ ಎಂದು ಕಾಲರ್ ಹಾಕಿಸಿದರು. ತಲೆಸುತ್ತಿನ ಮಾತ್ರೆ ತಿಂಗಳುಗಟ್ಟಲೆ ನಡೆಯಿತು. ವಯಸ್ಸಾಗುತ್ತ ಬಂದಂತೆ ಕತ್ತಿನ ಎಕ್ಸ್‌ರೇ ತೆಗೆದರೆ ಬಹಳ ಜನರಿಗೆ ಸವೆತ ಕಾಣುತ್ತದಂತೆ. ಅದನ್ನು ನನಗೆ ಆಗ ಯಾರೂ ಹೇಳಲಿಲ್ಲ. ರಜೆ ಮುಗಿದು ಸಂಬಳ ಕಡಿತವಾಯಿತು. ನೋಡಲು ಬಂದವರು ‘ಚೆನ್ನಾಗೇ ಇದ್ದೀಯಲ್ಲ’ ಅನ್ನುತ್ತಿದ್ದರು. ಆ ಮಾತಿಗೆ ನಾನು ಅತ್ತದ್ದುಂಟು.

ಕೊನೆಗೆ ತಮ್ಮ ಮಂಗಳೂರಿಗೆ ಕರೆದುಕೊಂಡು ಹೋದ. ಕಿವಿ ವೈದ್ಯರು ಫಿಸಿಯೋಥೆರಪಿ ವಿಭಾಗಕ್ಕೆ ಕಳಿಸಿದರು. ಫಿಸಿಯೋ ಎಂದರೆ ಸೊಂಟನೋವಿಗೆ, ಲಕ್ವ ಹೊಡೆದವರಿಗೆ ಎಂದು ತಿಳಿದಿದ್ದ ನನಗೆ ಇಲ್ಲಿಗೇಕೆ ಕಳಿಸಿದರು ಅನ್ನಿಸಿತ್ತು. ಅಲ್ಲಿದ್ದ ಹುಡುಗಿ ಮೊದಲು ಏನನ್ನೂ ಮುಟ್ಟಲಿಲ್ಲ, ಕೇಳುತ್ತಲೇ ಹೋದಳು. ‘ಅಕ್ಕ, ಮನೆ ತಿರುಗಿದ ಹಾಗಾ, ಕಣ್ಣು ಕತ್ತಲೆ ಬಂದ ಹಾಗಾ? ಮಗ್ಗುಲು ಬದಲಾಯಿಸಿದಾಗ ಮಾತ್ರ ಬರ್ತದಾ? ಬಂದರೆ ಎಷ್ಟು ಹೊತ್ತು? ಕಿವಿ ಗುಂಯ್‌ಗುಡ್ತದಾ?’ ಈ ಉತ್ತರಗಳಲ್ಲೇ ಅರ್ಧ ರೋಗ ಗೊತ್ತಾಗುತ್ತದಂತೆ. ಮಗ್ಗುಲಾದಾಗ ಕೆಲವು ಸೆಕೆಂಡು ಸುತ್ತಿ ನಿಂತರೆ ಒಳಕಿವಿಯ ಸುಣ್ಣದ ಕಣಗಳು ಜಾಗ ತಪ್ಪಿರಬಹುದು. ಗಂಟೆಗಟ್ಟಲೆ ಸುತ್ತಿ, ಕಿವಿಯೂ ಮಂದವಾದರೆ ಅದು ಬೇರೆ. ಎದ್ದು ನಿಂತಾಗ ಮಾತ್ರ ಕತ್ತಲೆ ಬಂದರೆ ಬಿಪಿ ನೋಡಬೇಕು. ದಿನಗಟ್ಟಲೆ ಬಿಡದೆ ಸುತ್ತಿ, ಕಿವಿ ಚೆನ್ನಾಗಿಯೇ ಕೇಳುತ್ತಿದ್ದರೆ ಒಳಕಿವಿಯ ನರಕ್ಕೆ ಬಾವು ಬಂದದ್ದಿರಬಹುದು.

ಕಾಲರ್ ಬಿಚ್ಚಿಸಿ ಕತ್ತು ಪರೀಕ್ಷಿಸಿದಳು. ತಲೆಯನ್ನು ಓರೆ ಮಾಡಿ ಹಿಡಿದು, ಮಂಚದ ಅಂಚಿನಿಂದ ಕೆಳಗೆ ಜೋಲುವಂತೆ ಸರಕ್ಕನೆ ಮಲಗಿಸಿದಳು. ನನ್ನ ಕಣ್ಣು ಅದುರಲಿಲ್ಲ. ಕಣಗಳ ತೊಂದರೆ ಅಲ್ಲ ಎಂದಾಯಿತು. ಅದಾಗಿದ್ದರೆ ಅದೇ ಮಂಚದ ಮೇಲೆ ತಲೆಯನ್ನು ಕ್ರಮವಾಗಿ ಹೊರಳಿಸಿ ಕಣಗಳನ್ನು ಅವುಗಳ ಜಾಗಕ್ಕೆ ಕಳಿಸಬಹುದಿತ್ತು. ಅಮೆರಿಕದ ಎಪ್ಲಿ ಎಂಬ ವೈದ್ಯರು ರೂಪಿಸಿದ ಆ ವಿಧಾನದಿಂದ ಬಹಳ ಜನರಿಗೆ ಒಂದೆರಡು ಸಲಕ್ಕೇ ವಾಸಿಯಾಗುತ್ತದೆ.

ಆಮೇಲೆ ಎದುರು ಕೂತು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದಳು. ‘ನನ್ನ ಮೂಗನ್ನೇ ನೋಡ್ತಾ ಇರಿ ಅಕ್ಕ.’ ಬಲಕ್ಕೆ ಚಿಕ್ಕದಾಗಿ, ಥಟ್ಟನೆ ತಿರುಗಿಸಿದಳು. ಕಣ್ಣು ಮೂಗಿನ ಮೇಲೇ ನಿಂತಿತ್ತು. ಎಡಕ್ಕೆ ತಿರುಗಿಸಿದಳು. ಕಣ್ಣು ತಲೆಯ ಜೊತೆಗೇ ಹೋಗಿ, ಆಮೇಲೆ ಜಿಗಿದು ಮೂಗಿಗೆ ಮರಳಿತು. ತಮ್ಮನ ಮೊಬೈಲಿನಲ್ಲಿ ಅದನ್ನೇ ನಿಧಾನಗತಿಯಲ್ಲಿ ತೋರಿಸಿದಾಗ ನಾನು ಮೊದಲ ಸಲ ನನ್ನ ಕಾಯಿಲೆಯನ್ನು ಕಣ್ಣಾರೆ ಕಂಡೆ. ಸುಳ್ಳಲ್ಲ, ಪಿತ್ತವಲ್ಲ, ಮನಸ್ಸಿನ ಭ್ರಮೆಯಲ್ಲ. 1988ರಲ್ಲಿ ಸಿಡ್ನಿಯ ಹಲ್ಮಾಗಿ ಮತ್ತು ಕರ್ಥಾಯ್ಸ್ ವಿವರಿಸಿದ ಪರೀಕ್ಷೆ ಇದು. ಬೇಕಾಗಿರುವುದು ಎರಡು ಕೈ, ಕಲಿತ ಕಣ್ಣು. ಅವಳು ಇನ್ನೊಂದನ್ನೂ ಒತ್ತಿ ಹೇಳಿದಳು. ಎರಡೆರಡು ಕಾಣುವುದು, ಮಾತು ತೊದಲುವುದು, ಕೈಕಾಲು ಸೋಲುವುದು ಜೊತೆಗಿದ್ದರೆ ಅದು ಮಿದುಳಿನ ಆಘಾತ ಇರಬಹುದು, ತಕ್ಷಣ ಆಸ್ಪತ್ರೆಗೆ ಓಡಬೇಕು. ಬಿಡದೆ ಸುತ್ತುತ್ತಿರುವಾಗಲೂ ಈ ತಲೆಯ ಪರೀಕ್ಷೆ ಸರಿಯಾಗಿ ಬಂದರೆ ಅದು ಸಮಾಧಾನಪಡುವ ವಿಷಯವಲ್ಲ, ಆಗಲೇ ಮಿದುಳಿನ ಬಗ್ಗೆ ಹೆಚ್ಚು ಅನುಮಾನ ಪಡಬೇಕು.

ಮೈಯ ಸಮತೋಲದ ಮಟ್ಟಿಗೆ ಎರಡು ಕಿವಿಗಳೂ ನೊಗಕ್ಕೆ ಕಟ್ಟಿದ ಜೋಡಿ ಎತ್ತು. ಒಂದು ಎಳೆಯುವುದನ್ನು ಬಿಟ್ಟರೆ ಗಾಡಿ ಓರೆಯಾಗುತ್ತದೆ. ನನ್ನಲ್ಲಿ ಕೈಕೊಟ್ಟದ್ದು ಎಡದ್ದು. ಎಡಗಿವಿಯ ನರ ಪೂರ್ತಿ ಚೇತರಿಸದಿದ್ದರೂ ಉಳಿದದ್ದರಲ್ಲಿ ಸಂಭಾಳಿಸಲು ಮಿದುಳು ಕಲಿಯುತ್ತದೆ. ಆದರೆ ಕಲಿಯಬೇಕಾದರೆ ತಲೆ ಅಲ್ಲಾಡಬೇಕು, ಕಣ್ಣು ಎಡವಬೇಕು. ಕಾಲರೂ ಮಾತ್ರೆಯೂ ಅದನ್ನೇ ತಡೆದಿದ್ದವು. ಮಾತ್ರೆ ಬೇಕಾದದ್ದು ಮೊದಲ ಕೆಲವು ದಿನಕ್ಕಷ್ಟೇ. ಅದನ್ನು ಕಿವಿ ವೈದ್ಯರೇ ಹಂತಹಂತವಾಗಿ ಬಿಡಿಸಿದರು.

ಆ ಹುಡುಗಿ ಕಲಿಸಿದ ವ್ಯಾಯಾಮ ಹೀಗಿತ್ತು. ಗೋಡೆಗೆ ‘ಕ’ ಅಕ್ಷರ ಅಂಟಿಸಿ, ಅದರ ಮೇಲಿಂದ ಕಣ್ಣು ತೆಗೆಯದೆ ಒಂದು ನಿಮಿಷ ತಲೆಯನ್ನು ಎಡಬಲ ಆಡಿಸಬೇಕು, ಅಕ್ಷರ ಮಸುಕಾಗಬಾರದು. ಮೊದಲ ದಿನಗಳಲ್ಲಿ ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡು ಮಾಡಿದೆ. ಸುತ್ತು ಬಂದರೆ ನಿಲ್ಲಿಸಬೇಡಿ, ಕಾಲು ಗಂಟೆ ಇಪ್ಪತ್ತು ನಿಮಿಷದಲ್ಲಿ ಇಳಿದರೆ ಸಾಕು, ಇಳಿಯದಿದ್ದರೆ ಮಾರನೆಯ ದಿನ ವೇಗ ತಗ್ಗಿಸಿ ಎಂದಿದ್ದಳು. ಆಮೇಲೆ ಅದನ್ನೇ ನಿಂತು, ಮಡಚಿದ ಹಾಸಿಗೆಯ ಮೇಲೆ ನಿಂತು. ಆಮೇಲೆ ಅಕ್ಷರದ ಹಿಂದೆ ಯಜಮಾನರ ಚೌಕುಳಿ ಲುಂಗಿ ನೇತು ಹಾಕಿಸಿದಳು. ಆ ಚೌಕಗಳ ನಡುವೆ ‘ಕ’ ಹಿಡಿದು ನಿಲ್ಲಿಸುವುದು ಸಂತೆಯಷ್ಟೇ ಕಷ್ಟವಾಯಿತು, ಅವಳಿಗೆ ಬೇಕಿದ್ದದ್ದೂ ಅದೇ. ಪಡಸಾಲೆಯಲ್ಲಿ ನಡೆಯುತ್ತಾ ಎಡಬಲ ತಿರುಗಿ ಮಗಳು ತೋರಿಸಿದ ಬೆರಳು ಎಣಿಸುತ್ತಿದ್ದೆ. ಚೆಂಡು ಎಸೆದು ಹಿಡಿಯುವುದೂ ಇತ್ತು. 1940ರ ದಶಕದಲ್ಲಿ ಇಂಗ್ಲೆಂಡಿನ ಕಾಥಾರ್ನ್, ಕುಕ್ಸಿ ಎಂಬಿಬ್ಬರು ವೈದ್ಯರು ತಲೆಗೆ ಪೆಟ್ಟು ಬಿದ್ದವರಿಗೆ, ಕಿವಿಯ ಆಪರೇಷನ್ ಆದವರಿಗೆ ಕಟ್ಟಿಕೊಟ್ಟ ವ್ಯಾಯಾಮಗಳ ಪಟ್ಟಿಯಲ್ಲೇ ಅದಿದೆಯಂತೆ. ಇಷ್ಟು ಹಳೆಯ, ಇಷ್ಟು ಅಗ್ಗದ ಚಿಕಿತ್ಸೆ ನಮ್ಮ ಊರುಗಳ ತನಕ ಬಾರದೆ ಕಾಲರ್ ಮಾತ್ರ ಬಂದಿದೆ ಎಂದು ನನಗೆ ಇಂದಿಗೂ ಸಂಕಟ.

ಡ್ಯೂಟಿಗೆ ಮರಳಿದಾಗ ಮೊದಲು ಡಿಪೋದ ಒಳಗಿನ ಕೆಲಸ, ಆಮೇಲೆ ಕಡೂರಿನ ಬಯಲು ದಾರಿ. ಮಳೆಗಾಲ ಕಳೆದ ಮೇಲೆ ಘಾಟಿ ಕೊಟ್ಟರು. ಕೊಟ್ಟಿಗೆಹಾರ ದಾಟಿದ ಮೇಲೆ ಡ್ರೈವರಣ್ಣ ‘ಕೂತ್ಕೋ ತಾಯಿ, ಜನ ಕಡಿಮೆ ಇದ್ದಾರೆ’ ಅಂದರು. ನಾನು ಕೂರಲಿಲ್ಲ. ಕತ್ತಲಲ್ಲಿ, ಸಮತಟ್ಟಲ್ಲದ ನೆಲದ ಮೇಲೆ ಈಗಲೂ ಎಡಕ್ಕೆ ವಾಲುತ್ತೇನೆ. ಕರೆಂಟು ಹೋದರೆ ಟಾರ್ಚಿಲ್ಲದೆ ಅಂಗಳಕ್ಕಿಳಿಯುವುದಿಲ್ಲ. ಜ್ವರ ಬಂದಾಗ, ನಿದ್ದೆಗೆಟ್ಟಾಗ ಹಳೆಯ ತೇಲಾಟ ಒಂದೆರಡು ದಿನ ಇಣುಕುತ್ತದೆ. ಆಗ ಮತ್ತೆ ಬೆಳಿಗ್ಗೆ ಸಂಜೆ ವ್ಯಾಯಾಮ ಶುರು ಮಾಡುತ್ತೇನೆ.